ವಿಲಿಸ್ಟನ್ನಿನಿಂದ ಅಣ್ಣನಿಗೆ

ವಿಲಿಸ್ಟನ್, ಉತ್ತರ ಡಕೋಟಾ
18 ನವೆಂಬರ್ 2012

ತೀರ್ಥರೂಪ ಸಮಾನರಾದ ಅಣ್ಣನವರ ಸನ್ನಿಧಿಯಲ್ಲಿ ತಮ್ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಕಾಗದವು ಸ್ಟಾಕ್ಟನ್ ನಗರದ ನಮ್ಮ ಮನೆಗೆ ತಲಪಿ, ನನ್ನ ಹೆಂಡತಿ ಅದನ್ನು ದೂರವಾಣಿಯಲ್ಲಿ ನನಗೆ ಓದಿ ಹೇಳಿದಳು. ಬ್ಯಾಂಕಿನ ಮೇಜಿನ ಮುಂದೆ ಕುಳಿತು ಲೆಕ್ಕ ಬರೆಯುತ್ತಿದ್ದವನು ಐವತ್ತು ದಾಟಿದ ಮೇಲೆ ಹೆಂಡತಿ ಮಗಳನ್ನು ಬಿಟ್ಟು, ಭೂಪಟದಲ್ಲಿ ಹುಡುಕಿದರೂ ಬೇಗನೆ ಕಣ್ಣಿಗೆ ಬೀಳದ ಒಂದು ಶೀತಪ್ರದೇಶಕ್ಕೆ ಲಾರಿ ನಡೆಸಲು ಹೋದುದೇಕೆ, ಅಲ್ಲಿಯೇ ನೆಲೆಸುವ ಸಂಕಲ್ಪವಿದೆಯೇ, ಇದ್ದರೆ ಸಂಸಾರವನ್ನು ಎಂದು ಕರೆಸಿಕೊಳ್ಳುವೆ ಎಂದು ತಾವು ಕೇಳಿದ್ದೀರಿ. ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಉಳಿದೆರಡಕ್ಕೆ ಉತ್ತರಿಸಬೇಕಾದರೆ ಈ ಊರಿನ ಸ್ಥಿತಿಗತಿಗಳನ್ನೇ ಸವಿಸ್ತಾರವಾಗಿ ನಿವೇದಿಸಬೇಕಾಗುತ್ತದೆ.

2008ರ ಹಣಕಾಸಿನ ಕುಸಿತದಲ್ಲಿ ನನ್ನ ಉದ್ಯೋಗ ಹೋದುದೂ, ಮನೆಯ ಬೆಲೆ ಅದರ ಮೇಲಿನ ಸಾಲಕ್ಕಿಂತ ಕೆಳಗಿಳಿದುದೂ ತಮಗೆ ತಿಳಿದಿದೆ. ಮರುವರ್ಷ ಈ ದೇಶದಲ್ಲಿ ದುಡಿಯಬಲ್ಲವರ ಪೈಕಿ ನೂರಕ್ಕೆ ಹತ್ತು ಮಂದಿ ಕೆಲಸವಿಲ್ಲದೆ ಕುಳಿತಿದ್ದರು. ನಮ್ಮ ಸ್ಟಾಕ್ಟನ್ ನಗರವಂತೂ ಈ ಜೂನ್ ತಿಂಗಳಲ್ಲಿ ತಾನೇ ದಿವಾಳಿಯ ಅರ್ಜಿ ಹಾಕಿಕೊಂಡಿತು. ಒಬ್ಬ ಪಂಜಾಬಿ ಗೃಹಸ್ಥರ ಶಾಲೆಯಲ್ಲಿ ನಾನು ದೊಡ್ಡ ಲಾರಿ ನಡೆಸುವುದನ್ನು ಕಲಿತು, ಎ ದರ್ಜೆಯ ಲೈಸೆನ್ಸು ಪಡೆದು, ಸ್ಟಾಕ್ಟನ್ ಸುತ್ತಲಿನ ಕಣಿವೆಯ ಟೊಮೇಟೊ, ಬಾದಾಮಿಗಳನ್ನು ಸಾಗಿಸುತ್ತ ಕಾಲ ಕಳೆಯುತ್ತಿದ್ದೆನಾದರೂ ಬಂದುದು ಬಡ್ಡಿಗೇ ಸರಿಹೋಗುತ್ತಿತ್ತು. ಡಕೋಟಾದಲ್ಲಿ ಟ್ಯಾಂಕರ್ ನಡೆಸುವವನು ವರ್ಷಕ್ಕೆ 80,000 ಡಾಲರ್ ಸಂಪಾದಿಸುವನೆಂಬ ಮಾತು ಲಾರಿಗಳು ತಂಗುವ ಪ್ರತಿಯೊಂದು ನಿಲ್ದಾಣದಲ್ಲಿಯೂ ಕೇಳಿಬರುತ್ತಿತ್ತು. ಹೊರಟೆ.

ಪ್ರಯಾಣವನ್ನು ವರ್ಣಿಸಲು ತೊಡಗಿದರೆ ಕಾಗದ ಸಾಲದು. ನೆವಾಡಾದ ಮರುಭೂಮಿಯನ್ನೂ ಐಡಾಹೋವಿನ ಬಯಲನ್ನೂ ದಾಟಿ ಮೊಂಟಾನಾ ಸೇರಿದ ಮೇಲೆ ಯೆಲ್ಲೋಸ್ಟೋನ್ ನದಿಯು ಹೆದ್ದಾರಿಯ ಪಕ್ಕದಲ್ಲಿ ಕಾಣಿಸಿಕೊಂಡು, ಬಿಲ್ಲಿಂಗ್ಸ್, ಗ್ಲೆನ್‌ಡೈವ್ ಊರುಗಳನ್ನು ಹಾದು ಬಹುದೂರ ಜೊತೆಗೂಡಿ ಬರುತ್ತದೆ. ವಿಲಿಸ್ಟನ್ನಿಗೆ ಕೆಲವು ಮೈಲಿಗಳ ಮುನ್ನ ಅದು ಮಿಸೌರಿಯನ್ನು ಸೇರುವ ಸಂಗಮವಿದೆ. ಆ ಸಂಗಮದ ಬಳಿಯಲ್ಲಿಯೇ ಬ್ಯೂಫರ್ಡ್ ಎಂಬ ಹಳೆಯ ಸೈನಿಕ ಠಾಣೆ. ಸಿಟಿಂಗ್ ಬುಲ್ ಎಂಬ ಲಕೋಟಾ ನಾಯಕನು 1881ರಲ್ಲಿ ತನ್ನ ಬಂದೂಕನ್ನು ಒಪ್ಪಿಸಿ ಶರಣಾದುದು ಅಲ್ಲಿಯೇ. ನಾನು ಅಲ್ಲಿ ಕಾರು ನಿಲ್ಲಿಸಿ ನೀರಿನ ಎರಡು ಬಣ್ಣಗಳನ್ನು ಸ್ವಲ್ಪ ಹೊತ್ತು ನೋಡಿದೆ. ತರುವಾಯ ನದಿಯನ್ನು ನೋಡುವ ಪುರುಸೊತ್ತು ಸಿಕ್ಕಿಲ್ಲ.

ಈ ನೆಲದ ಕೆಳಗೆ ಸುಮಾರು ಎರಡು ಮೈಲಿ ಆಳದಲ್ಲಿ ಬಾಕನ್ ಎಂಬ ಶಿಲಾಸ್ತರವಿದೆ. ಟಿಯೋಗಾ ಎಂಬ ಊರಿನ ಬಳಿ ಹೊಲವಿದ್ದ ರೈತನೊಬ್ಬನ ಮನೆತನದ ಹೆಸರು ಅದಕ್ಕೆ ಅಂಟಿಕೊಂಡಿದೆ. ಇಲ್ಲಿ 1951ರಲ್ಲಿಯೇ ಎಣ್ಣೆ ಸಿಕ್ಕಿದ್ದರೂ ಈ ಸ್ತರದ ಬಿಗಿಯಾದ ಕಲ್ಲು ತನ್ನೊಳಗಿನದನ್ನು ಬಿಟ್ಟುಕೊಡಲೊಲ್ಲದೆ ಅರ್ಧ ಶತಮಾನ ಕಾಯಿಸಿತು. ಈಗ ಎರಡು ಮೈಲಿ ಕೆಳಕ್ಕೆ ಕೊರೆದು, ಅಲ್ಲಿಂದ ಅಡ್ಡಲಾಗಿ ಮತ್ತೆರಡು ಮೈಲಿ ಕೊರೆದು, ಮರಳು ಬೆರೆಸಿದ ನೀರನ್ನು ಮಹಾ ಒತ್ತಡದಿಂದ ನುಗ್ಗಿಸಿ ಕಲ್ಲನ್ನು ಸೀಳುತ್ತಾರೆ. ಈ ವಸಂತದಲ್ಲಿ ಉತ್ತರ ಡಕೋಟಾ ತೈಲೋತ್ಪಾದನೆಯಲ್ಲಿ ಅಲಾಸ್ಕವನ್ನು ಹಿಂದೆ ಹಾಕಿ ಈ ದೇಶದಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಟೆಕ್ಸಾಸ್ ಒಂದೇ ಮುಂದಿದೆ. ಆದರೆ ಎಣ್ಣೆಯ ಊರಿಗೆ ಬಂದ ನಾನು ಸಾಗಿಸುತ್ತಿರುವುದು ಎಣ್ಣೆಯನ್ನಲ್ಲ, ನೀರನ್ನು. ಒಂದು ಬಾವಿಯ ಕಲ್ಲನ್ನು ಸೀಳಲು 20 ರಿಂದ 40 ಲಕ್ಷ ಗ್ಯಾಲನ್ ನೀರು ಬೇಕು, ನನ್ನ ಟ್ಯಾಂಕರಿನಲ್ಲಿ ಹಿಡಿಯುವುದು ಐದೂವರೆ ಸಾವಿರ ಗ್ಯಾಲನ್. ಮರಳು, ಕೊಳವೆ, ಯಂತ್ರಸಾಮಗ್ರಿಗಳೆಲ್ಲ ಸೇರಿ ಒಂದು ಬಾವಿಗೆ ಎರಡು ಸಾವಿರದಷ್ಟು ಲಾರಿ ಸಂಚಾರವಾಗುತ್ತದೆಂದು ಇಲ್ಲಿನವರ ಲೆಕ್ಕ. ಅಂತಹ ಬಾವಿಗಳನ್ನು ಕೊರೆಯುವ ರಿಗ್ಗುಗಳು ಈ ಸೀಮೆಯಲ್ಲಿ ಇನ್ನೂರರ ಹತ್ತಿರ ನಿಂತಿವೆ. ಡ್ರೈವರುಗಳಿಗಾಗಿ ಇವರು ಹಂಬಲಿಸುವುದರಲ್ಲಿ ಆಶ್ಚರ್ಯವೇನು?

ಹಂಬಲಿಸುವರೆಂದೆ, ಆದರೂ ಕೆಲಸ ಸಿಕ್ಕುವ ಬಗೆಯೇ ಬೇರೆ. ಸ್ಟಾಕ್ಟನ್ನಿನಿಂದ ನಾನು ದೂರವಾಣಿಯಲ್ಲಿ ವಿಚಾರಿಸಿದ ಕಂಪನಿಗಳವರು ನನ್ನ ಅನುಭವವನ್ನಾಗಲಿ, ವಯಸ್ಸನ್ನಾಗಲಿ ಮೊದಲು ಕೇಳಲಿಲ್ಲ. ನೀನು ಊರಿನಲ್ಲಿದ್ದೀಯೋ, ಮಲಗಲು ಜಾಗವಿದೆಯೋ ಎಂಬುದೇ ಮೊದಲ ಪ್ರಶ್ನೆ. ಇಲ್ಲವೆಂದರೆ, ಜಾಗ ಮಾಡಿಕೊಂಡು ಬಂದು ಕಾಣು ಎಂಬ ಉತ್ತರ. ಇತ್ತ ಬಂದು ಬಾಡಿಗೆಯ ಮನೆ ಕೇಳಿದರೆ, ಯಾವ ಕಂಪನಿಯಲ್ಲಿ ಕೆಲಸ, ಸಂಬಳದ ಚೀಟಿ ಎಲ್ಲಿ ಎಂದು ಮನೆಯವರು ಕೇಳುತ್ತಾರೆ. ಈ ಎರಡು ಬಾಗಿಲುಗಳ ನಡುವೆ ಸಿಕ್ಕಿಕೊಂಡ ನೂರಾರು ಜನ, ಐಡಾಹೋ, ಲೂಯಿಸಿಯಾನ, ಮಿಷಿಗನ್ ಎಂದು ನಾನಾ ರಾಜ್ಯಗಳ ನಂಬರು ಫಲಕ ಹೊತ್ತ ತಮ್ಮ ಕಾರುಗಳಲ್ಲಿಯೇ ಮಲಗಿ ಏಳುತ್ತಾರೆ. ದೊಡ್ಡ ಅಂಗಡಿಯೊಂದರ ಮುಂದಿನ ಬಯಲಿನಲ್ಲಿ ಹಾಗೆ ತಂಗುತ್ತಿದ್ದವರನ್ನು ಈ ವರ್ಷದ ಆದಿಯಲ್ಲಿ ಎಬ್ಬಿಸಿ ಕಳುಹಿಸಲಾಯಿತಂತೆ. 2010ರ ಜನಗಣತಿಯಲ್ಲಿ 14,716 ಜನರಿದ್ದ ಊರು ಇದು. ಈಗ ಎಷ್ಟಿರುವರೆಂದು ಖಚಿತವಾಗಿ ಹೇಳಬಲ್ಲವರು ಪುರಸಭೆಯಲ್ಲಿಯೂ ಇದ್ದಂತಿಲ್ಲ. ಎರಡು ಕೋಣೆಯ ಸಾಧಾರಣ ಮನೆಗೆ ತಿಂಗಳಿಗೆ 2,000 ಡಾಲರಿಗೆ ಮೇಲ್ಪಟ್ಟು ಬಾಡಿಗೆ. ಪಿಂಚಣಿಯಿಂದ ಜೀವಿಸುವ ಮುದುಕಿಯರು ನಲವತ್ತು ವರ್ಷ ಬಾಳಿದ ಮನೆಗಳನ್ನು ಬಿಟ್ಟು ಮಕ್ಕಳ ಊರುಗಳಿಗೆ ಹೋಗುತ್ತಿರುವರೆಂದರೆ ತಾವು ನಂಬಲಾರಿರಿ.

ಹಣವಿದ್ದಲ್ಲಿ ಮನೆಗಳೇಕೆ ಏಳುತ್ತಿಲ್ಲವೆಂದು ನಾನೂ ಕೇಳಿದೆ. ಇದಕ್ಕೆ ಇಲ್ಲಿನ ಹಿರಿಯರು ಹೇಳುವ ಕಾರಣ ಮನನೀಯವಾಗಿದೆ. 1980ರ ಸುಮಾರಿಗೆ ಇಲ್ಲಿ ಇಂತಹುದೇ ಇನ್ನೊಂದು ಉಬ್ಬರ ಬಂದಿತ್ತು. ಆಗ ಊರು ಉತ್ಸಾಹದಿಂದ ಸಾಲ ಮಾಡಿ ಹೊಸ ಬಡಾವಣೆಗಳಿಗೆ ರಸ್ತೆ, ಚರಂಡಿಗಳನ್ನು ಹಾಕಿಸಿತು. ಕೆಲವೇ ವರ್ಷಗಳಲ್ಲಿ ಎಣ್ಣೆಯ ಬೆಲೆ ಬಿದ್ದು, ಬಂದವರೆಲ್ಲ ಬಂದ ದಾರಿಯಲ್ಲೇ ಹಿಂದಿರುಗಿ, ಮನೆಗಳಿಲ್ಲದ ರಸ್ತೆಗಳೂ ತೀರದ ಸಾಲವೂ ಊರಿನವರ ಪಾಲಿಗೆ ಉಳಿದುವು. ಅದನ್ನು ಕಂಡವರು ಇನ್ನೂ ಬದುಕಿದ್ದಾರೆ. ಹೊರಗಿನಿಂದ ಬಂದ ನಮ್ಮಂತಹವರು ಇವರನ್ನು ಮಂದಮತಿಗಳೆಂದು ಹಳಿಯುವುದುಂಟು. ನನಗಾದರೋ ಇವರ ಹಿಂಜರಿಕೆಯಲ್ಲಿ ವಿವೇಕವೇ ಕಾಣುತ್ತದೆ.

ನನಗೆ ಆಶ್ರಯ ದೊರೆತುದು ಒಬ್ಬ ಪಂಜಾಬಿ ಡ್ರೈವರನ ದಾಕ್ಷಿಣ್ಯದಿಂದ. ಆತನೂ ಆರ್ಕನ್ಸಾಸಿನವನೊಬ್ಬನೂ ಸೇರಿ ಚಕ್ರಗಳ ಮೇಲಿನ ಒಂದು ಹಳೆಯ ಮನೆಗಾಡಿಯನ್ನು ಬಾಡಿಗೆಯ ಜಾಗದಲ್ಲಿ ನಿಲ್ಲಿಸಿಕೊಂಡಿದ್ದಾರೆ, ನಾನು ಮೂರನೆಯವ. ಗಾಡಿಯ ಕೆಳಗೆ ಶೀತಗಾಳಿ ನುಗ್ಗದಂತೆ ಸುತ್ತಲೂ ಹಲಗೆ ಹೊಡೆದು ಹುಲ್ಲಿನ ಪಿಂಡಿಗಳನ್ನು ಒಟ್ಟಿದ್ದೇವೆ. ಆದರೂ ನೀರಿನ ಕೊಳವೆ ಹೆಪ್ಪುಗಟ್ಟುತ್ತದೆ; ಹಗಲಿರುಳೂ ನೀರು ಸಾಗಿಸುವವರ ಮನೆಯಲ್ಲಿ ಮುಖ ತೊಳೆಯಲು ನೀರಿಲ್ಲದಿರುವ ವಿಪರ್ಯಾಸಕ್ಕೆ ನಾವು ಮೂವರೂ ನಗುತ್ತೇವೆ. ಕಂಪನಿಗಳೇ ಕಟ್ಟಿಸಿದ ಗಂಡಸರ ಶಿಬಿರಗಳೂ ಊರ ಹೊರಗೆ ಇವೆ. ಅಲ್ಲಿ ಬಿಸಿನೀರಿದೆ, ಹೊತ್ತುಹೊತ್ತಿಗೆ ಊಟವಿದೆ, ಮದ್ಯಕ್ಕೂ ಅತಿಥಿಗಳಿಗೂ ಪ್ರವೇಶವಿಲ್ಲ. ಕೋಣೆಯಲ್ಲಿ ಅಡಿಗೆ ಮಾಡಕೂಡದು. ಸಾರು ಅನ್ನದ ಆಸೆಗೆ ನಾನು ಬಿಸಿನೀರನ್ನು ತ್ಯಾಗಮಾಡಿದೆನೆಂದು ಅತ್ತಿಗೆಯವರಿಗೆ ತಿಳಿಸಿರಿ.

ವಿಳಾಸವೊಂದು ದೊರೆತ ಕೂಡಲೇ ಕೆಲಸ ದೊರೆಯಿತು. ತಲೆಗೂದಲನ್ನು ಕತ್ತರಿಸಿಕೊಂಡು ಮಾದಕದ್ರವ್ಯದ ಪರೀಕ್ಷೆ ಮಾಡಿದರು, ವೈದ್ಯರ ಪತ್ರ ನೋಡಿದರು, ವಿಷಾನಿಲದ ವಿಷಯವಾಗಿ ಒಂದು ದಿನ ಪಾಠ ಹೇಳಿದರು. ಟ್ಯಾಂಕರಿಗೆ ಲೈಸೆನ್ಸಿನಲ್ಲಿ ಬೇರೊಂದು ಅನುಮತಿ ಬೇಕು. ಕಚ್ಚಾ ಎಣ್ಣೆ ಸಾಗಿಸುವುದಾದರೆ ಬೆರಳಚ್ಚು ಕೊಟ್ಟು, ಪೂರ್ವಚರಿತ್ರೆಯ ವಿಚಾರಣೆಗೊಳಪಟ್ಟು, ಅಪಾಯಕರ ಸರಕಿನ ಅನುಮತಿಯನ್ನೂ ಪಡೆಯಬೇಕಾಗುವುದರಿಂದ ಹೊಸಬರು ನೀರಿನಿಂದಲೇ ಪ್ರಾರಂಭಿಸುತ್ತಾರೆ. ಬೆಂಕಿ ತಗುಲಿದರೂ ಹತ್ತಿ ಉರಿಯದ ಬಟ್ಟೆಯನ್ನೂ, ಕೊರಳಪಟ್ಟಿಯಲ್ಲಿ ವಿಷಾನಿಲ ಸುಳಿದರೆ ಕೂಗುವ ಪುಟ್ಟ ಯಂತ್ರವನ್ನೂ ಧರಿಸಿ ಹೊರಡುವುದು ನಮ್ಮ ನಿತ್ಯವಿಧಿ. ಬಾವಿಗೆ ಹೊಸ ನೀರು ಒಯ್ಯುವುದು ಅರ್ಧ ಕೆಲಸ. ಬಾವಿಯು ಎಣ್ಣೆಯೊಡನೆ ಹೊರಹಾಕುವ ಉಪ್ಪುನೀರನ್ನು ಕೊಂಡೊಯ್ದು ಆಳವಾದ ಬೇರೆ ಬಾವಿಗಳಲ್ಲಿ ಇಳಿಸುವುದು ಇನ್ನರ್ಧ. ಸಮುದ್ರದ ನೀರಿಗಿಂತ ಎಷ್ಟೋ ಪಾಲು ಹೆಚ್ಚು ಉಪ್ಪಾದ ಈ ನೀರು ಹೊಲಕ್ಕೆ ಚೆಲ್ಲಿದರೆ ಅಲ್ಲಿ ಅನೇಕ ವರ್ಷ ಪೈರು ಏಳದು; ಆದಕಾರಣ ಕೊಳವೆ ಬಿಚ್ಚುವಾಗ ನನ್ನ ಕೈ ಇಂದಿಗೂ ಒಮ್ಮೆ ತಡೆಯುತ್ತದೆ.

ಕಾನೂನಿನ ಪ್ರಕಾರ ಹದಿನಾಲ್ಕು ಗಂಟೆಯ ಅವಧಿಯೊಳಗೆ ಹನ್ನೊಂದು ಗಂಟೆ ಮಾತ್ರ ಲಾರಿ ನಡೆಸಬಹುದು. ವಾರದ ಗಂಟೆಗಳು ಮುಗಿದ ಮೇಲೆ ಮಿಕ್ಕ ಡ್ರೈವರುಗಳು 34 ಗಂಟೆ ವಿಶ್ರಮಿಸಿ ಹೊಸ ಲೆಕ್ಕ ಆರಂಭಿಸಬೇಕು. ತೈಲಕ್ಷೇತ್ರದವರಿಗಾದರೆ 24 ಗಂಟೆ ಸಾಕೆಂದು ವಿನಾಯಿತಿ. ಇದು ಯಾರ ಹಿತಕ್ಕಾಗಿ ಮಾಡಿದ ವಿನಾಯಿತಿಯೆಂಬುದನ್ನು ತಾವೇ ಊಹಿಸಬಹುದು. ವಾಟ್‌ಫರ್ಡ್ ಸಿಟಿಗೆ ಹೋಗುವ 85ನೆಯ ಹೆದ್ದಾರಿ ಗೋಧಿಯ ಗಾಡಿಗಳಿಗೆಂದು ಮಾಡಿದ ಎರಡು ಸಾಲಿನ ರಸ್ತೆ. ಅದರ ಮೇಲೆ ಈಗ ಟ್ಯಾಂಕರುಗಳು ಒಂದರ ಹಿಂದೊಂದು ಮೈಲಿಗಟ್ಟಲೆ ಸಾಗುತ್ತವೆ, ಬದಿಯಲ್ಲಿ ನೆಟ್ಟ ಶಿಲುಬೆಗಳೂ ವರ್ಷಕ್ಕೆ ವರ್ಷ ಹೆಚ್ಚುತ್ತಿವೆ. ಹೆದ್ದಾರಿಯಿಂದ ಬಾವಿಗಳಿಗೆ ಹೋಗುವ ದಾರಿಗಳಿಗೆ ಕೆಂಪು ಕಲ್ಲಿನ ಚೂರು ಹಾಸಿದ್ದಾರೆ: ಭೂಮಿಯೊಳಗಿನ ಕಂದು ಕಲ್ಲಿದ್ದಲು ಎಂದೋ ತಾನಾಗಿ ಹತ್ತಿ ಉರಿದು, ಮೇಲಿದ್ದ ಜೇಡಿಯನ್ನು ಇಟ್ಟಿಗೆಯಂತೆ ಸುಟ್ಟು ಮಾಡಿದ ಕಲ್ಲು. ಮೊದಲ ನೋಟಕ್ಕೆ ನಮ್ಮ ಸಾಗರ ಊರಿನ ಕಡೆಯ ರಸ್ತೆಗಳ ನೆನಪಾಗಿ ಮನಸ್ಸು ತುಸು ಹೊಯ್ದಾಡಿತು. ಈಗ ಅದರ ಮೇಲೆ ಹಿಮದ ಪದರ ಕೂತಿದೆ. ಡೀಸೆಲ್ ಹೆಪ್ಪುಗಟ್ಟದಿರಲೆಂದು ರಾತ್ರಿಯಿಡೀ ಎಂಜಿನುಗಳನ್ನು ಆರಿಸುವುದಿಲ್ಲ.

ಆರಿಸದಿರುವ ಇನ್ನೊಂದನ್ನು ಹೇಳಬೇಕು. ನಮ್ಮ ದೇಶದಲ್ಲಿ ಸಬ್ಸಿಡಿಯ ಗ್ಯಾಸ್ ಸಿಲಿಂಡರುಗಳನ್ನು ವರ್ಷಕ್ಕೆ ಆರಕ್ಕೆ ಮಿತಿಗೊಳಿಸಿರುವ ಸರ್ಕಾರದ ಆಜ್ಞೆಯಿಂದ ಅತ್ತಿಗೆಯವರು ಮತ್ತೆ ಸೌದೆ ಒಲೆ ಹೂಡಿರುವರೆಂದು ತಾವು ಬರೆದಿದ್ದಿರಿ. ಇಲ್ಲಿ ಎಣ್ಣೆಯೊಡನೆ ಮೇಲೆ ಬರುವ ಅನಿಲದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು, ಸಾಗಿಸಲು ಕೊಳವೆಮಾರ್ಗ ಸಾಲದೆಂಬ ಕಾರಣದಿಂದ, ಬಾವಿಯ ಪಕ್ಕದಲ್ಲಿಯೇ ಕಂಬಕ್ಕೆ ಹಚ್ಚಿ ಸುಟ್ಟುಬಿಡುತ್ತಾರೆ. ಸಿಲಿಂಡರಿನಲ್ಲಿ ತುಂಬುವ ಪ್ರೊಪೇನ್, ಬ್ಯೂಟೇನ್‌ಗಳು ಈ ಅನಿಲದಲ್ಲಿ ಯಥೇಚ್ಛವಾಗಿವೆ. ರಾತ್ರಿ ಎರಡು ಗಂಟೆಗೆ ಗುಡ್ಡದ ಮೇಲಿಂದ ನೋಡಿದರೆ ದಿಗಂತದವರೆಗೂ ಈ ಜ್ವಾಲೆಗಳು. ನೋಡಿದವರು ಸೊಬಗೆನ್ನುತ್ತಾರೆ, ನನಗೆ ಕೋಪ ಬರುತ್ತದೆ.

ಈ ಸಂಪತ್ತು ಯಾರದು ಎಂಬುದೂ ಒಂದು ವಿಚಿತ್ರ ಕಥೆ. ಇಲ್ಲಿ ನೆಲದ ಮೇಲಿನ ಹಕ್ಕು ಬೇರೆ, ಕೆಳಗಿನ ಖನಿಜದ ಹಕ್ಕು ಬೇರೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮಾರಬಹುದು. ಖನಿಜದ ಹಕ್ಕುಳ್ಳವನು ಗುತ್ತಿಗೆ ಕೊಟ್ಟರೆ ಬಂದ ಎಣ್ಣೆಯಲ್ಲಿ ಆರರಲ್ಲೊಂದು ಪಾಲಿನಷ್ಟು ಅವನಿಗೆ ಸಲ್ಲುತ್ತದೆ. ನಾನು ನೀರು ಇಳಿಸುವ ಬಾವಿಯೊಂದರ ಬಳಿ ಗೋಧಿ ಬೆಳೆಯುವ ಮುದುಕನೊಬ್ಬನ ಪರಿಚಯವಾಯಿತು. ನಾರ್ವೆಯಿಂದ ಬಂದ ಮನೆತನ; 1930ರ ದಶಕದ ಬರಗಾಲದಲ್ಲಿ ಅವನ ಅಜ್ಜ ಕೆಳಗಿನ ಹಕ್ಕನ್ನು ಮಾರಿ ನೆಲವನ್ನು ಉಳಿಸಿಕೊಂಡನಂತೆ. ಈಗ ಹೊಲದ ನಡುವೆ ನಾಲ್ಕು ಬಾವಿಗಳು, ದಿನವಿಡೀ ಧೂಳು, ಗದ್ದಲ; ತಿಂಗಳ ಚೆಕ್ಕು ಹೋಗುವುದು ಅವನೆಂದೂ ಕಾಣದ ಯಾರದೋ ವಿಳಾಸಕ್ಕೆ. ಅಜ್ಜ ಮಾರದಿದ್ದರೆ ನಾನು ಈ ಊರಲ್ಲಿ ಹುಟ್ಟುತ್ತಲೇ ಇರಲಿಲ್ಲವಲ್ಲ ಎಂದು ಆತನು ಶಾಂತವಾಗಿ ಹೇಳಿದಾಗ ನನಗೆ ಏನೆನ್ನಲೂ ತೋರಲಿಲ್ಲ.

ಇಲ್ಲಿಂದ ಪೂರ್ವಕ್ಕೆ ನ್ಯೂ ಟೌನ್ ಎಂಬ ಊರಿದೆ. ಮಂಡಾನ್, ಹಿದಾತ್ಸಾ, ಅರಿಕರಾ ಎಂಬ ಮೂರು ಬುಡಕಟ್ಟುಗಳ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶದಲ್ಲಿ. ಹೊಸ ಊರೆಂದು ಹೆಸರಿಟ್ಟುದೇಕೆಂದು ವಿಚಾರಿಸಿದೆ. 1953ರಲ್ಲಿ ಮಿಸೌರಿಗೆ ಗ್ಯಾರಿಸನ್ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಇವರ ಹೊಳೆದಂಡೆಯ ಫಲವತ್ತಾದ ನೆಲ ಒಂದೂವರೆ ಲಕ್ಷ ಎಕರೆ ಮುಳುಗಿತು. ಮೆಕ್ಕೆಜೋಳ, ಬೀನ್ಸ್ ಬೆಳೆಯುತ್ತಿದ್ದ ಕುಟುಂಬಗಳಲ್ಲಿ ಐದರಲ್ಲಿ ನಾಲ್ಕು ಪಾಲು ಗಾಳಿ ಹೊಡೆಯುವ ಮೇಲುಬಯಲಿಗೆ ಏರಬೇಕಾಯಿತು. ಅಣ್ಣ, ಇದರ ಹೋಲಿಕೆ ಕಾಣಲು ತಮಗೆ ನನ್ನ ವಿವರಣೆ ಬೇಡ. 1964ರ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಲ್ಲಿ ನಮ್ಮ ಮನೆಯ ಪಾತ್ರೆಪಗಡಗಳ ಮೇಲೆ ನನ್ನನ್ನು ಕೂಡಿಸಿ ಕಾಡಿನ ನಡುವೆ ಇಳಿಸಿ ಹೋದ ಆ ಲಾರಿಯ ಹಿಂದೆ ತಾವು ನಡೆದು ಬಂದಿರಿ. ನನಗೆ ಅದರ ಸದ್ದು ಮಾತ್ರ ನೆನಪು. ಈ ಮೇಲುಬಯಲಿನ ಕೆಳಗೆ ಎಣ್ಣೆ ಇದೆಯೆಂದು ಈಗ ತಿಳಿದು, ಮುಳುಗಿದವರ ಮೊಮ್ಮಕ್ಕಳಲ್ಲಿ ಕೆಲವರಿಗೆ ಚೆಕ್ಕು ಬರುತ್ತಿದೆ, ಅನೇಕರಿಗೆ ಧೂಳು ಬರುತ್ತಿದೆ. ಅಲ್ಲಿನ ದಾರಿಯಲ್ಲಿ ನನ್ನ ಲಾರಿ ಹೋಗುವಾಗ ಮನೆಗಳ ಮುಂದೆ ವೇಗವನ್ನು ತಗ್ಗಿಸುತ್ತೇನೆ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ಆದುದರಿಂದ ತಮ್ಮ ಪ್ರಶ್ನೆಗೆ ಉತ್ತರ: ಸಂಸಾರವನ್ನು ಇಲ್ಲಿಗೆ ಕರೆಸುವುದಿಲ್ಲ. ಇದು ದುಡಿಯಲು ಬರುವ ಊರು, ಬಾಳಲು ಬರುವ ಊರಲ್ಲ. ಶಾಲೆಗಳು ತುಂಬಿ ತುಳುಕುತ್ತಿವೆ, ಸಂಜೆಯ ಮೇಲೆ ಹೆಂಗಸರು ಒಬ್ಬರೇ ಅಂಗಡಿಗೆ ಹೋಗಲು ಅಂಜುತ್ತಾರೆ. ವಸಂತದಲ್ಲಿ ನೆಲದ ಹಿಮ ಕರಗಿ ರಸ್ತೆಗಳು ಮೆತ್ತಗಾದಾಗ ಭಾರದ ಲಾರಿಗಳಿಗೆ ನಿರ್ಬಂಧ ಹಾಕುತ್ತಾರಂತೆ. ಆಗ ಕೆಲಸ ಇಳಿಯುತ್ತದೆ, ನಾನು ಸ್ಟಾಕ್ಟನ್ನಿಗೆ ಹೋಗಿ ಬರುತ್ತೇನೆ. ಮನೆಯ ಸಾಲ ಒಂದು ಹದಕ್ಕೆ ಬರುವವರೆಗೆ ಈ ಓಡಾಟ.

ಇನ್ನು ತಮ್ಮ ಪಕ್ಕದ ಮನೆಯ ಹುಡುಗನ ವಿಷಯ. ಅಮೆರಿಕಾದ ತೈಲಕ್ಷೇತ್ರದಲ್ಲಿ ಡ್ರೈವರ್ ಕೆಲಸ ಕೊಡಿಸುವೆನೆಂದು ಅವನಿಂದ ಹಣ ಕೇಳುತ್ತಿರುವ ಏಜೆಂಟನಿಗೆ ಬಿಡಿಗಾಸನ್ನೂ ಕೊಡದಂತೆ ದಯವಿಟ್ಟು ಅವನ ತಂದೆಗೆ ತಾವೇ ಹೇಳಿರಿ. ಇಲ್ಲಿಯ ಕಂಪನಿಗಳು ಎದುರಿಗೆ ನಿಂತವನಿಗೇ ಮಲಗಲು ಜಾಗವಿಲ್ಲವೆಂದರೆ ಕೆಲಸ ಕೊಡುವುದಿಲ್ಲ. ಸಮುದ್ರದಾಚೆಯವನಿಗೆ ವೀಸಾ ಮಾಡಿಸಿ ಕರೆಸುವುದು ದೂರದ ಮಾತು.

ತೋಟದ ಕೊನೆಕೊಯ್ಲಿಗೆ ಆಳುಗಳ ಕೂಲಿಯ ಬಾಬ್ತು ಸ್ವಲ್ಪ ಹಣವನ್ನು ತಮ್ಮ ಖಾತೆಗೆ ಹಾಕಿದ್ದೇನೆ. ಈ ಸಲ ಕೊಳೆರೋಗದಿಂದ ಉಳಿದುದೆಷ್ಟೆಂದು ತಿಳಿಸಬೇಕು. ಅತ್ತಿಗೆಯವರಿಗೆ ನಮಸ್ಕಾರಗಳು, ಮಕ್ಕಳಿಗೆ ಆಶೀರ್ವಾದಗಳು. ಇಲ್ಲಿಯ ಅಂಚೆ ಕಚೇರಿಯಲ್ಲಿ ಪೆಟ್ಟಿಗೆಗಾಗಿ ಸರದಿಯ ಪಟ್ಟಿಯಲ್ಲಿ ನನ್ನ ಹೆಸರಿದ್ದರೂ ಅದು ಎಂದು ಬರುವುದೋ ತಿಳಿಯದು. ಉತ್ತರವನ್ನು ಸ್ಟಾಕ್ಟನ್ನಿನ ವಿಳಾಸಕ್ಕೇ ಬರೆಯುವುದು.

ಇತಿ ತಮ್ಮ ವಿಧೇಯ ತಮ್ಮ