ಎರರ್ ಬಂದರೆ ಓಡಬೇಡಿ, ಓದಿ

ಕಾವೂರಿನಲ್ಲಿ ನಮ್ಮ ಮನೆ ಹತ್ತಿರದ ನಾಲ್ಕೈದು ಡಿಪ್ಲೊಮಾ, ಬಿಸಿಎ ಮಕ್ಕಳು ಜ್ಯಾಂಗೊ ಕಲಿಯುತ್ತಿದ್ದಾರೆ. ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬೇಕಾದ ಅಡಿಪಾಯವನ್ನು ಮೊದಲೇ ಹಾಕಿಕೊಡುವ ಫ್ರೇಮ್‌ವರ್ಕ್ ಅದು. ಸುದ್ದಿ ಹಾಕಲು ನಾನೂ ಅದನ್ನೇ ಬಳಸುವುದರಿಂದ, ಸಿಕ್ಕಿಬಿದ್ದಾಗ "ಅಣ್ಣಾ, ಒಮ್ಮೆ ನೋಡಿ" ಎಂದು ಬರುತ್ತಾರೆ. ಜ್ಯಾಂಗೊ ಹುಟ್ಟಿದ್ದೂ ಪತ್ರಿಕಾ ಕಚೇರಿಯಲ್ಲೇ. ಅಮೆರಿಕದ ಕಾನ್ಸಾಸ್ ರಾಜ್ಯದ 'ಲಾರೆನ್ಸ್ ಜರ್ನಲ್-ವರ್ಲ್ಡ್' ಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಶುರು ಮಾಡಿದರು. 2005ರಲ್ಲಿ ಅದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ಎರರ್ ಬಂದಾಗ ಪರದೆ ತುಂಬ ಇಂಗ್ಲಿಷ್ ಸಾಲುಗಳು. ನೋಡಿದ ಕೂಡಲೇ ಮಕ್ಕಳು ಎಲ್ಲ ಅಳಿಸಿ ಮೊದಲಿಂದ ಶುರು ಮಾಡುತ್ತಾರೆ. ಮೂರು ಸಲ ಹೀಗಾದರೆ "ಇದು ನನ್ನಿಂದ ಆಗುವುದಲ್ಲ" ಎಂದು ಬಿಟ್ಟೇಬಿಡುತ್ತಾರೆ.

ಅದನ್ನು ಒಂದು ವರದಿಯ ಹಾಗೆ ಓದಿ. ಯಾವ ಫೈಲ್, ಎಷ್ಟನೇ ಸಾಲು, ಏನಾಯಿತು, ಎಲ್ಲ ಅದರಲ್ಲೇ ಇದೆ. ಕಮಾಂಡ್ ಹೊಡೆಯುವ ಕಪ್ಪು ಕಿಟಕಿಯಲ್ಲಾದರೆ ಮುಖ್ಯ ಮಾತು ಕೊನೆಯ ಸಾಲಿನಲ್ಲಿರುತ್ತದೆ. ಬ್ರೌಸರ್‌ನ ಹಳದಿ ಪುಟದಲ್ಲಾದರೆ ಮೇಲ್ಗಡೆ.

'ನೋ ಮಾಡ್ಯೂಲ್ ನೇಮ್ಡ್ ಜ್ಯಾಂಗೊ' ಎಂದರೆ ಹೆಚ್ಚಾಗಿ ವರ್ಚುವಲ್ ಎನ್ವಿರಾನ್‌ಮೆಂಟ್ ಆನ್ ಮಾಡಿಲ್ಲ. ಹೊಸ ಕಿಟಕಿ ತೆರೆದಾಗಲೆಲ್ಲ ಆನ್ ಮಾಡಬೇಕು.

'ನೋ ಸಚ್ ಟೇಬಲ್' ಎಂದರೆ ಮಾಡೆಲ್ ಬರೆದಿದ್ದೀರಿ, ಡೇಟಾಬೇಸ್‌ಗೆ ಹೇಳಿಲ್ಲ. ಮೊದಲು ಮೇಕ್‌ಮೈಗ್ರೇಶನ್ಸ್, ಆಮೇಲೆ ಮೈಗ್ರೇಟ್ ಕಮಾಂಡ್ ಕೊಡಿ.

'ಪೋರ್ಟ್ ಈಸ್ ಆಲ್ರೆಡಿ ಇನ್ ಯೂಸ್' ಎಂದರೆ ಹಳೆಯ ಸರ್ವರ್ ಇನ್ನೂ ಓಡುತ್ತಿರಬಹುದು. ಅಲ್ಲಿ ಕಂಟ್ರೋಲ್-ಸಿ ಒತ್ತಿ, ಇಲ್ಲವೇ ರನ್‌ಸರ್ವರ್ 8001 ಎಂದು ಕೊಡಿ.

ಒಬ್ಬ 127.0.0.1:8000 ಎಂಬ ಲಿಂಕನ್ನು ವಾಟ್ಸಾಪ್‌ನಲ್ಲಿ ಗೆಳೆಯನಿಗೆ ಕಳಿಸಿ, "ಓಪನ್ ಆಗುವುದಿಲ್ಲವಂತೆ ಅಣ್ಣಾ" ಎಂದ. ಆ ವಿಳಾಸದ ಅರ್ಥ 'ನನ್ನದೇ ಯಂತ್ರ'. ಗೆಳೆಯನ ಫೋನು ತನ್ನೊಳಗೇ ಹುಡುಕುತ್ತದೆ ಮಾರಾಯ, ನಿನ್ನ ಲ್ಯಾಪ್‌ಟಾಪ್‌ಗೆ ಬರುವುದಿಲ್ಲ ಎಂದೆ.

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಇನ್ನೊಂದು ತೊಂದರೆ ಇದೆ. ಬಿಸಿಎ ಓದುವ ಹುಡುಗಿಯೊಬ್ಬಳು ಊರಿನ ಸುದ್ದಿಗೆ ಒಂದು ಸೈಟ್ ಮಾಡಿದ್ದಳು. ತಲೆಬರಹದಿಂದ ಪುಟದ ವಿಳಾಸ ತಯಾರಿಸುವ 'ಸ್ಲಗಿಫೈ'ಗೆ 'ಕಾವೂರು' ಎಂದು ಕೊಟ್ಟರೆ ಖಾಲಿ ಬರುತ್ತಿತ್ತು. ನಾವು ಬೇರೆ ಹೇಳದಿದ್ದರೆ ಅದು ಕನ್ನಡ ಅಕ್ಷರಗಳನ್ನು ಉಳಿಸಿಕೊಳ್ಳುವುದಿಲ್ಲ. ಅವಳು ಹುಡುಕಿ 'ಅಲೋ ಯೂನಿಕೋಡ್' ಟ್ರೂ ಮಾಡಿದಳು. ಆಗ ಬಂದದ್ದು 'ಕವರ'!

ಎರಡು ದಿನ ತನ್ನದೇ ಟೈಪಿಂಗ್ ತಪ್ಪೆಂದು ಹುಡುಕಿದ್ದಳು. ಅವಳ ಟೈಪಿಂಗ್ ಸರಿಯಾಗಿಯೇ ಇತ್ತು. ಸ್ಲಗಿಫೈ ಬಳಸುವ ಪೈಥಾನ್ ನಿಯಮಕ್ಕೆ ಕ, ವ, ರ ಮಾತ್ರ ಅಕ್ಷರಗಳು. ಇಳಿ, ಕೊಂಬು ಮುಂತಾದ ಗುಣಿತದ ಚಿಹ್ನೆಗಳು ಆ ಲೆಕ್ಕಕ್ಕೆ ಸೇರುವುದಿಲ್ಲ, ಉದುರಿಹೋಗುತ್ತವೆ. ಪರಿಹಾರ ಸುಲಭ: ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾವೇ ಬರೆಯುವುದು, ಅಥವಾ ಸುದ್ದಿಯ ನಂಬರನ್ನೇ ವಿಳಾಸ ಮಾಡುವುದು. ಅವಳು ನಂಬರ್ ಇಟ್ಟಳು. ಪುಟದ ಮೇಲೆ 'ಕಾವೂರು' ಪೂರ್ತಿಯಾಗಿ ಬಂತು.

ಇದನ್ನು ಬರೆಯಲು ಕಾರಣವೂ ಅವಳೇ. ಎಲ್ಲ ಎರರ್‌ಗೂ ನಾವೇ ತಪ್ಪಿತಸ್ಥರಲ್ಲ. ನಮ್ಮ ಲಿಪಿಯನ್ನು ಗಮನದಲ್ಲಿಟ್ಟು ಮಾಡದ ಸಾಮಾನಿನಲ್ಲಿ ನಾವು ಕೆಲಸ ಮಾಡುತ್ತಿದ್ದೇವೆ.

ಸಹಾಯ ಕೇಳುವಾಗ ಮೂರು ವಿಷಯ ಕಳಿಸಿ: ಕೊಟ್ಟ ಕಮಾಂಡ್, ಬಂದ ಎರರ್‌ನ ಮುಖ್ಯ ಸಾಲು, ಅದಕ್ಕೆ ಮುಂಚೆ ನೀವು ಬದಲಿಸಿದ್ದು ಏನು. ಪರದೆಯ ಮಸುಕು ಫೋಟೋ ಬೇಡ, ಕಾಪಿ ಮಾಡಿ ಹಾಕಿ. ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ. ಎರರ್‌ನ ಸಾಲು ಮಾತ್ರ ಬಂದ ಹಾಗೆಯೇ ಇರಲಿ.