ಅಪ್ಪನ ರಾತ್ರಿಗಳು ಮತ್ತು ಒಂದು ಚೊಂಬು ನೀರು

ಅಪ್ಪ ರಾತ್ರಿ ಎಷ್ಟು ಸಲ ಏಳ್ತಾರೆ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ ಹಬ್ಬಕ್ಕೆ ಊರಿಗೆ ಹೋದಾಗ. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೆ. ಹನ್ನೊಂದೂವರೆಗೆ ಒಮ್ಮೆ ಲೈಟು, ಒಂದು ಗಂಟೆಗೆ ಇನ್ನೊಮ್ಮೆ... ಬೆಳಗಾಗುವಷ್ಟರಲ್ಲಿ ಐದು ಸಲ ಹಿತ್ತಲ ಬಾಗಿಲ ಚಿಲಕದ ಸದ್ದು. ಕೇಳಿದರೆ "ವಯಸ್ಸಾಯ್ತಲ್ಲಪ್ಪ, ಇದೆಲ್ಲ ಇದ್ದದ್ದೇ" ಅಂದುಬಿಟ್ಟರು. ಅವಸರದಲ್ಲಿ ಎರಡು ಸಲ ಪಂಚೆ ಒದ್ದೆಯಾಗಿತ್ತು ಅಂತ ಹೇಳಿದ್ದು ಅಮ್ಮ. ಅದೂ ಅಡುಗೆಮನೆಯಲ್ಲಿ, ದನಿ ತಗ್ಗಿಸಿ.

ಬೆಂಗಳೂರಿಗೆ ಕರೆದುಕೊಂಡು ಬಂದು ಡಾಕ್ಟರಿಗೆ ತೋರಿಸಿದೆ. ಪ್ರಾಸ್ಟೇಟ್ ನೋಡಿದರು, ಸಕ್ಕರೆ ನೋಡಿದರು, ಎರಡೂ ಸರಿ ಇತ್ತು. ಕೊನೆಗೆ ಡೆಸ್ಮೋಪ್ರೆಸಿನ್ ಅನ್ನುವ ಚಿಕ್ಕ ಮಾತ್ರೆ ಬರೆದುಕೊಟ್ಟರು. ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳಿಗೂ ಇದನ್ನೇ ಕೊಡುತ್ತಾರಂತೆ.

ಇದೊಂದು ಹಾರ್ಮೋನಿನ ನಕಲು. ನಮ್ಮ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಬರುತ್ತದೆ. ಕಿಡ್ನಿಗೆ ಅದು ಹೇಳುವುದು ಇಷ್ಟೇ, ನೀರನ್ನು ಹೊರಗೆ ಬಿಡಬೇಡ, ವಾಪಸ್ ರಕ್ತಕ್ಕೆ ಸೇರಿಸು ಅಂತ. ರಾತ್ರಿ ಅದು ಏರುವುದರಿಂದಲೇ ನಾವು ಏಳದೆ ಮಲಗುತ್ತೇವೆ. ವಯಸ್ಸಾದ ಹಲವರಲ್ಲಿ ಆ ಏರಿಕೆ ಕಮ್ಮಿಯಾಗುತ್ತದೆ. ಮಾತ್ರೆ ಮೂತ್ರಕೋಶವನ್ನು ಮುಟ್ಟುವುದೇ ಇಲ್ಲ, ಅಲ್ಲಿಗೆ ಬರುವ ನೀರನ್ನೇ ಕಡಿಮೆ ಮಾಡುತ್ತದೆ.

ಮೊದಲ ವಾರ ಅಪ್ಪ ಒಂದೇ ಸಲ ಎದ್ದರು! ಊರಿಗೆ ವಾಪಸ್ ಹೋಗಿ ಫೋನಿನಲ್ಲಿ ಮಾತ್ರೆಯನ್ನು ಹೊಗಳಿದ್ದೇ ಹೊಗಳಿದ್ದು.

ಒಂಬತ್ತನೇ ದಿನ ಅಮ್ಮನ ಫೋನು. ಎರಡು ದಿನದಿಂದ ತಲೆನೋವು, ವಾಕರಿಕೆ ಅಂತಿದ್ದರಂತೆ. ಈಗ ಏನೇನೋ ಮಾತಾಡ್ತಿದ್ದಾರೆ ಅಂದಳು. ಫೋನ್ ಅಪ್ಪನ ಕೈಗೆ ಕೊಟ್ಟಳು. ಅವರು ನನ್ನನ್ನು ಚಿಕ್ಕಪ್ಪನ ಹೆಸರು ಹಿಡಿದು ಕರೆದರು. ಚಿಕ್ಕಪ್ಪ ತೀರಿಕೊಂಡು ಹನ್ನೆರಡು ವರ್ಷ ಆಗಿದೆ.

ಆಸ್ಪತ್ರೆಯಲ್ಲಿ ರಕ್ತದ ಸೋಡಿಯಂ 117 ಬಂತು. ಇರಬೇಕಾದ್ದು 135ರಿಂದ 145.

ಅಪ್ಪನಿಗೆ ಮಲಗುವಾಗ ಒಂದು ತಾಮ್ರದ ಚೊಂಬು ನೀರು ಕುಡಿಯುವ ಅಭ್ಯಾಸ, ಅವರಪ್ಪನ ಕಾಲದ್ದು. ಮಾತ್ರೆ ಕಿಡ್ನಿಯ ಬಾಗಿಲು ಮುಚ್ಚಿತ್ತು, ನೀರು ಮಾತ್ರ ಮೇಲಿಂದ ಬರುತ್ತಲೇ ಇತ್ತು. ರಕ್ತ ನೀರಾಗಿ ಉಪ್ಪು ತೆಳ್ಳಗಾಯಿತು. ಜೊತೆಗೆ ಅವರ ಬಿಪಿ ಮಾತ್ರೆಯಲ್ಲಿ ಥಯಾಜೈಡ್ ಇತ್ತು, ಅದೂ ಸೋಡಿಯಂ ಇಳಿಸುವಂಥದ್ದೇ. 2017ರಲ್ಲಿ ಅಮೆರಿಕದ ಎಫ್‌ಡಿಎ ಇದೇ ಔಷಧದ ಮೂಗಿನ ಸ್ಪ್ರೇಯನ್ನು ರಾತ್ರಿ ಮೂತ್ರಕ್ಕೆಂದು ಒಪ್ಪಿದಾಗ, ಈ ಅಪಾಯವನ್ನು ಚೌಕಟ್ಟು ಕಟ್ಟಿದ ಎಚ್ಚರಿಕೆಯಾಗಿ ಹಾಕಿಸಿತ್ತು.

ಡಾಕ್ಟರರ ತಪ್ಪೇನೂ ಇಲ್ಲ. ಚೀಟಿಯ ಕೊನೆಯಲ್ಲಿ ಅವರು ಬರೆದೇ ಇದ್ದರು: ಸಂಜೆ ಮೇಲೆ ನೀರು ಕಡಿಮೆ, ಒಂದು ವಾರಕ್ಕೆ ಸೋಡಿಯಂ ಪರೀಕ್ಷೆ. ಆ ಚೀಟಿ ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಉಳಿದಿತ್ತು. ಆ ವಾರ ನಮಗೆ ರಿಲೀಸ್ ಇತ್ತು. ಒಂದು ಸಾಲು ಕೋಡ್ ಬದಲಾದರೂ ನೂರು ಟೆಸ್ಟ್ ಓಡಿಸುವವನು ನಾನು!

ಇಳಿದ ಸೋಡಿಯಂ ಅನ್ನು ಒಮ್ಮೆಲೇ ಏರಿಸುವಂತಿಲ್ಲ, ಮೆದುಳಿಗೇ ಪೆಟ್ಟು. ನೀರು ಅಳೆದು ಕೊಟ್ಟು, ದಿನಕ್ಕೆ ಹಲವು ಸಲ ರಕ್ತ ತೆಗೆದು, ನಿಧಾನಕ್ಕೆ ಏರಿಸಿದರು. ಮೂರನೇ ದಿನ ಬೆಳಗ್ಗೆ ಅಪ್ಪ ಕಣ್ಣು ಬಿಟ್ಟು "ಆಫೀಸಿಗೆ ಹೋಗಲಿಲ್ವೇನೋ?" ಅಂದರು. ನಾನು ಹೊರಗೆ ಹೋಗಿ ಕಾರಿಡಾರಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ.

ಆ ಮಾತ್ರೆ ನಿಂತಿತು. ಬಿಪಿ ಮಾತ್ರೆಯೂ ಬದಲಾಯಿತು. ಆಮೇಲೆ ಮೂರು ದಿನ ಅಳತೆ ಪಾತ್ರೆ ಇಟ್ಟು, ಅಪ್ಪ ತಮ್ಮ ಮುದ್ದಾದ ಅಕ್ಷರದಲ್ಲಿ ಗಂಟೆ, ಮಿಲಿಲೀಟರ್ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದರು. ದಿನದ ಅರ್ಧದಷ್ಟು ಮೂತ್ರ ರಾತ್ರಿಯೇ ಹೋಗುತ್ತಿತ್ತು. ಹಗಲೆಲ್ಲ ಕಾಲಿನಲ್ಲಿ ಇಳಿದು ನಿಂತ ನೀರು ಮಲಗಿದಾಗ ರಕ್ತಕ್ಕೆ ವಾಪಸಾಗುವುದೂ ಒಂದು ಕಾರಣವಂತೆ. ಈಗ ಸಂಜೆ ಒಂದು ಗಂಟೆ ಕಾಲು ಎತ್ತಿಟ್ಟುಕೊಂಡು ರೇಡಿಯೋ ಕೇಳುತ್ತಾರೆ. ಚೊಂಬಿನ ನೀರು ಬೆಳಗ್ಗೆಗೆ ಹೋಗಿದೆ.

ನಿನ್ನೆ ಫೋನ್ ಮಾಡಿದ್ದರು. "ಎರಡೇ ಸಲ ಕಣೋ. ಬುಕ್ಕಲ್ಲಿ ಬರೆದಿದೀನಿ, ಬಂದಾಗ ನೋಡು."