ಕಾವಲಿನ ದಾರಿ

ಆಸ್ಟ್ರೇಲಿಯಾದ ಕೆಂಪು ಬಯಲಲ್ಲಿ ಒಬ್ಬರೇ ದಿನವಿಡೀ ಗಾಡಿ ಓಡಿಸುವವರ ವಿಡಿಯೊ ನೋಡಿದಾಗೆಲ್ಲ ನನಗೆ ಅಜ್ಜಂಪುರದ ರಸ್ತೆ ನೆನಪಾಗುತ್ತದೆ. ಕಡೂರು ದಾಟಿ, ಬೀರೂರಿನಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿ. ತೆಂಗಿನ ತೋಟಗಳು ಮುಗಿದಲ್ಲಿ ಬಯಲು ತೆರೆದುಕೊಳ್ಳುತ್ತದೆ. ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಮರ, ಮೇಲೆ ಬರೀ ಆಕಾಶ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೇ ಚೆಂದ, ಹಾಡೂ ಬೇಡ ಅನ್ನಿಸುತ್ತೆ.

ಇದನ್ನು ಬರಡು ನೆಲ ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಇವು ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ದನಸಾಕಣೆ ಇಲಾಖೆಯಾದ ಬೆಣ್ಣೆ ಚಾವಡಿಯ ದನಗಳು ಮೇಯ್ದ ಹುಲ್ಲುಗಾವಲು. ಆ ಚಾವಡಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಅದೇ ಹೆಸರಿನ ದನದ ತಳಿಯ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿ ಈಗಲೂ ಇದೆ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಉದ್ದನೆಯ ಕೊಂಬು, ತುದಿ ಸೂಜಿಯಷ್ಟು ಚೂಪು. ಗಾಡಿ ನಿಲ್ಲಿಸಿದರೆ ತಲೆಯೆತ್ತಿ ನೆಟ್ಟನೆ ನೋಡುತ್ತವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಿಂದ ಸಂರಕ್ಷಣಾ ಮೀಸಲು, ಕೃಷ್ಣಮೃಗಗಳ ನೆಲೆ.

ತರೀಕೆರೆ ಕಡೆ ಸಾಗಿದಂತೆ ಅಡಿಕೆ ತೋಟ, ತಂಪುಗಾಳಿ. ಹೊತ್ತಿದ್ದರೆ ಅಮೃತಾಪುರದಲ್ಲಿ 1196ರ ಹೊಯ್ಸಳ ಗುಡಿ ನೋಡಿ.

ಹೋಗುವವರಲ್ಲಿ ಒಂದೇ ಕೋರಿಕೆ: ಫೋಟೊ ಆಸೆಗೆ ಗಾಡಿಯನ್ನು ಹುಲ್ಲಿಗೆ ಇಳಿಸಬೇಡಿ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಳಿವೆ. ಸಿಗರೇಟ್ ತುಂಡನ್ನಂತೂ ಎಸೆಯಲೇಬೇಡಿ.